ಬೆನ್ನ ಹಿಂದಿನ ಬೆರಳುಗಳು

ವಾಲಿಬಾಲ್ ಆಡಲು ಬಾರದವನೊಬ್ಬ ವಾಲಿಬಾಲಿನ ಬಗ್ಗೆ ಎಷ್ಟು ಮಾತಾಡಬಹುದು ಎಂದು ನೋಡಬೇಕಿದ್ದರೆ ಆ ಕಾಲದಲ್ಲಿ ಉಡುಪಿಯ ನಮ್ಮ ಕಾಲೇಜಿಗೆ ಬಂದು ನನ್ನನ್ನು ಭೇಟಿಯಾಗಬೇಕಿತ್ತು. ಮೊದಲ ವರ್ಷದ ಆಯ್ಕೆಯ ದಿನ ಪಿ.ಟಿ. ಮಾಸ್ಟ್ರು ನನ್ನನ್ನು ನೆಟ್ಟಿನ ಬಳಿ ನಿಲ್ಲಿಸಿ ಕೈ ಎತ್ತಿಸಿದರು. ಎತ್ತಿದ ಕೈ ಎಲ್ಲಿಗೆ ಮುಟ್ಟಿತೆಂದು ನೋಡಿ, ಹೋಗಿ ಕೂತು ನೋಡು ಎಂದರು. ನಾನು ದೊಡ್ಡವರ ಮಾತು ಮೀರುವವನಲ್ಲ. ಮೂರು ವರ್ಷ ಕೂತು ನೋಡಿದೆ, ನೋಡಿದ್ದಕ್ಕಿಂತ ಹೆಚ್ಚು ಮಾತಾಡಿದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ವರ್ಷಗಳವು. ಕಾಪುವಿನಿಂದ ಬರುವ ಬೆಳಗಿನ ಬಸ್ಸು ಕಟಪಾಡಿ ದಾಟುವಷ್ಟರಲ್ಲಿ ನಮ್ಮ ವಾದ ಶುರುವಾಗಿರುತ್ತಿತ್ತು. ಉಡುಪಿಯಲ್ಲಿ ಇಳಿಯುವಾಗ ಯಾರಾದರೊಬ್ಬರ ಮುಖ ಊದಿಕೊಂಡಿರುತ್ತಿತ್ತು. ಮಧ್ಯಾಹ್ನ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಅದೇ ವಾದ ಮುಂದುವರಿಯುತ್ತಿತ್ತು. ಆರು ಚಹಾದ ಲೋಟಗಳನ್ನು ಕೋರ್ಟಿನಲ್ಲಿ ಆಟಗಾರರು ನಿಲ್ಲುವಂತೆ ಮೇಜಿನ ಮೇಲೆ ಇಟ್ಟು, ಒಂದೊಂದನ್ನೇ ಸರಿಸುತ್ತಾ ನಾವು ತಂಡ ಕಟ್ಟುತ್ತಿದ್ದೆವು. ಲೋಟ ತೊಳೆಯಲು ಸಿಗುವುದಿಲ್ಲವೆಂದು ಹೋಟೆಲಿನವರು ಗೊಣಗುತ್ತಿದ್ದರು. ಐದು ಲೋಟಗಳ ಬಗ್ಗೆ ನಮ್ಮಲ್ಲಿ ತಕರಾರು ಇರಲಿಲ್ಲ. ಜಗಳವೆಲ್ಲ ಆರನೆಯದರ ಮೇಲೆ. ಅದು ಲಿಫ್ಟರ್.

ಒಂದು ಬದಿಯವರು ಚೆಂಡನ್ನು ಮೂರು ಸಲ ಮುಟ್ಟಬಹುದು. ಒಬ್ಬ ತಡೆಯುತ್ತಾನೆ, ಲಿಫ್ಟರ್ ಎತ್ತಿ ಕೊಡುತ್ತಾನೆ, ಅಟ್ಯಾಕರ್ ಹೊಡೆಯುತ್ತಾನೆ. ಹೊಡೆದವನಿಗೆ ಚಪ್ಪಾಳೆ ಬೀಳುತ್ತದೆ. ಎತ್ತಿ ಕೊಟ್ಟವನ ಹೆಸರು ಬರುವುದು ಏನಾದರೂ ಕೆಟ್ಟಾಗ ಮಾತ್ರ. ಆದರೆ ಯಾರು ಹೊಡೆಯಬೇಕು, ಎಲ್ಲಿಂದ ಹೊಡೆಯಬೇಕು ಎಂದು ನಿರ್ಧರಿಸುವವನು ಅವನೇ. ನಮ್ಮಲ್ಲಿ ಇಬ್ಬರು ಲಿಫ್ಟರ್‌ಗಳಿದ್ದರು, ಆಡಬಹುದಾದದ್ದು ಒಬ್ಬ.

ಹಳೆಯವನು ಕಾಪುವಿನ ನಮ್ಮ ಓಣಿಯವನು, ನನಗಿಂತ ಒಂದು ವರ್ಷ ದೊಡ್ಡವನು. ಅವನ ತಾಯಿ ಕೊಟ್ಟ ಊಟ ಉಂಡು ಬೆಳೆದವನು ನಾನು. ಅವನ ಆಟ ನೋಡಲು ಚಂದ. ಒಂದೇ ಕೈಯಲ್ಲಿ ಎತ್ತುತ್ತಿದ್ದ, ಬೆನ್ನ ಹಿಂದಕ್ಕೆ ಎಸೆಯುತ್ತಿದ್ದ, ಮನಸ್ಸು ಬಂದರೆ ತಾನೇ ಚೆಂಡನ್ನು ಆಚೆ ತಳ್ಳಿ ನಗುತ್ತಿದ್ದ. ಹೊಸಬ ಮೊದಲ ವರ್ಷದವನು. ತಂದೆ ತಾಯಿ ಗದಗದ ಕಡೆಯಿಂದ ಬಂದು ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದರು. ಮಾತು ಕಡಿಮೆ. ಅವನು ಎತ್ತಿದ ಚೆಂಡು ಪ್ರತಿ ಸಲವೂ ಅದೇ ಎತ್ತರಕ್ಕೆ, ಅದೇ ಜಾಗಕ್ಕೆ ಬರುತ್ತಿತ್ತು.

ಇಷ್ಟೇ ಆಗಿದ್ದರೆ ಹಳೆಯವನೇ ಆಡುತ್ತಿದ್ದ. ಆದರೆ ಆ ವರ್ಷ ನಿಯಮ ಬದಲಾಯಿತು. ಮೊದಲೆಲ್ಲ ಸರ್ವಿಸ್ ಕೈಯಲ್ಲಿದ್ದವರಿಗೆ ಮಾತ್ರ ಪಾಯಿಂಟು. ತಪ್ಪು ಮಾಡಿದರೂ ಹೆಚ್ಚಿನ ಸಲ ಸರ್ವಿಸ್ ಹೋಗುತ್ತಿತ್ತೇ ಹೊರತು ಪಾಯಿಂಟು ಹೋಗುತ್ತಿರಲಿಲ್ಲ. ಹೊಸ ನಿಯಮದಲ್ಲಿ ಪ್ರತಿ ತಪ್ಪಿಗೂ ಎದುರಿನವರಿಗೆ ಒಂದು ಪಾಯಿಂಟು. ಹಳೆಯವನ ಕಸರತ್ತುಗಳು ಒಮ್ಮೆಲೇ ದುಬಾರಿಯಾದವು. ಪಿ.ಟಿ. ಮಾಸ್ಟ್ರು ಎರಡು ಪಂದ್ಯಗಳಲ್ಲಿ ಅವನನ್ನು ಬೆಂಚಿನಲ್ಲಿ ಕೂರಿಸಿ ಹೊಸಬನನ್ನು ಆಡಿಸಿದರು. ಎರಡನ್ನೂ ಗೆದ್ದೆವು. ಗೆದ್ದದ್ದು ನನಗೆ ಸರಿಬರಲಿಲ್ಲ.

ಹೊಸಬನ ಪರ ವಕಾಲತ್ತು ವಹಿಸಿದ್ದವನು ಕಾರ್ಕಳದ ನನ್ನ ಗೆಳೆಯ. ಬೇಕರಿಯವರ ಮಗ, ಮೆದು ಮಾತಿನವನು, ಆದರೆ ಹಿಡಿದದ್ದನ್ನು ಬಿಡುವವನಲ್ಲ. ಇನ್ನು ಮುಂದೆ ತಪ್ಪು ಮಾಡದವನೇ ಗೆಲ್ಲುವುದು, ನಿನ್ನ ಊರಿನವನ ಸರ್ಕಸ್ಸಿನ ಕಾಲ ಮುಗಿಯಿತು ಎಂದು ಅವನು ಆರನೆಯ ಲೋಟವನ್ನು ತೆಗೆದು ಬೇರೆ ಲೋಟ ಇಡುತ್ತಿದ್ದ. ನಾನು ಅದನ್ನು ತೆಗೆದು ಮೊದಲಿನದನ್ನೇ ಇಡುತ್ತಿದ್ದೆ. ಘಟ್ಟದ ಮೇಲಿನವನಿಗೆ ನಮ್ಮ ಕರಾವಳಿಯ ಆಟದ ನಾಡಿ ತಿಳಿಯುವುದಿಲ್ಲ ಎಂದೂ ಒಮ್ಮೆ ತುಳುವಿನಲ್ಲಿ ಹೇಳಿದೆ. ಮಣಿಪಾಲದಲ್ಲೇ ಶಾಲೆ ಕಲಿತವನು ಹೊಸಬ; ನಮ್ಮ ತುಳು ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಆ ಹೊತ್ತಿಗೆ ಅವನು ಹಿಂದಿನ ಮೇಜಿನಲ್ಲಿ ಕೂತಿದ್ದನೆಂದು ನನಗೆ ಆಮೇಲೆ ತಿಳಿಯಿತು. ಎದ್ದು ಹೋಗುವಾಗ ನನ್ನ ಕಡೆ ನೋಡಿ ತಲೆ ಆಡಿಸಿ ಹೋದ. ಆ ತಾಳ್ಮೆ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಅವನಿಗೆ ಆ ಜಾಗ ಯಾಕೆ ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ಈಗ ಹೇಳಿ ಪಾರಾಗುವಂತಿಲ್ಲ. ನನಗೆ ಗೊತ್ತಿತ್ತು. ನನ್ನ ಅಜ್ಜಿಯನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದ ವಾರ ಸಂಜೆ ಸುಮ್ಮನೆ ನಡೆದು ಹೋಗುತ್ತಿದ್ದಾಗ, ಕಟ್ಟುತ್ತಿದ್ದ ಒಂದು ಹಾಸ್ಟೆಲಿನ ಒಳಗಿನಿಂದ ಚೆಂಡು ಗೋಡೆಗೆ ಬಡಿಯುವ ಸದ್ದು ಕೇಳಿ ಇಣುಕಿದೆ. ಅವನೇ. ಪ್ಲಾಸ್ಟರ್ ಆಗದ ಕೆಂಪು ಕಲ್ಲಿನ ಗೋಡೆಗೆ ಸುಣ್ಣದಲ್ಲಿ ಒಂದು ವೃತ್ತ ಬರೆದು, ಚೆಂಡನ್ನು ಅದಕ್ಕೇ ಎತ್ತುತ್ತಿದ್ದ. ತಪ್ಪುವುದೇ ಇಲ್ಲ. ನನ್ನನ್ನು ನೋಡಿ ನಾಚಿಕೊಂಡ. ಪ್ಲಾಸ್ಟರ್ ಆಗುವ ತನಕ ಗೋಡೆ ತನ್ನದು, ಆದ ಮೇಲೆ ಮುಂದಿನ ಕೋಣೆಗೆ ಹೋಗುವುದು, ಈಗ ಉಳಿದಿರುವುದು ಇದೊಂದೇ ಗೋಡೆ ಎಂದ. ಕಟ್ಟಡ ಮುಗಿದರೆ ಗುತ್ತಿಗೆದಾರರು ಎಲ್ಲರನ್ನೂ ಕಾರವಾರದ ಕಡೆಗೆ ಕಳಿಸುತ್ತಾರೆ. ಇವನ ಮನೆಯವರಿರುವ ತಗಡಿನ ಶೆಡ್ಡು ಬಿಚ್ಚುತ್ತಾರೆ. ವಿಶ್ವವಿದ್ಯಾಲಯದ ತಂಡದ ಶಿಬಿರಕ್ಕೆ ಆಯ್ಕೆಯಾದರೆ ಮಾತ್ರ ಕಾಲೇಜಿನ ಹಾಸ್ಟೆಲಿನಲ್ಲಿ ಉಳಿಸಿಕೊಳ್ಳಲು ಆಗುತ್ತದೆಂದು ಪಿ.ಟಿ. ಮಾಸ್ಟ್ರು ಹೇಳಿದ್ದರು. ಇಲ್ಲದಿದ್ದರೆ ಅವನೂ ಅಪ್ಪನ ಜೊತೆ ಹೋಗಬೇಕು, ಓದು ಅಲ್ಲಿಗೆ ಮುಗಿಯುತ್ತದೆ. ಆಯ್ಕೆಗಾರರು ಬರುವುದು ಕಾರ್ಕಳದಲ್ಲಿ ನಡೆಯುವ ಅಂತರ ಕಾಲೇಜು ಪಂದ್ಯಾವಳಿಯ ಫೈನಲಿಗೆ. ಇದನ್ನೆಲ್ಲ ಅವನು ದೂರು ಹೇಳುವಂತೆ ಹೇಳಲಿಲ್ಲ, ಬಸ್ಸಿನ ಸಮಯ ಹೇಳುವಂತೆ ಹೇಳಿದ.

ನನ್ನ ಕೆಲಸವೊಂದರ ಬಗ್ಗೆ ಇಲ್ಲಿ ಹೇಳಬೇಕು. ಎದುರಿನವರು ಸರ್ವಿಸ್ ಮಾಡುವ ಮೊದಲು ಲಿಫ್ಟರ್ ನೆಟ್ಟಿಗೆ ಮುಖ ಮಾಡಿ ನಿಂತು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟು ತನ್ನವರಿಗೆ ಬೆರಳು ತೋರಿಸುತ್ತಾನೆ. ಒಂದು ಬೆರಳೆಂದರೆ ನಡುವೆ ಗಿಡ್ಡ ಚೆಂಡು. ಎರಡೆಂದರೆ ತುದಿಗೆ ಉದ್ದ ಚೆಂಡು. ಮುಷ್ಟಿಯೆಂದರೆ ಹಿಂದಕ್ಕೆ. ಇದು ಎದುರಿನವರಿಗೆ ಕಾಣುವುದಿಲ್ಲ. ಪಕ್ಕದ ಮೆಟ್ಟಿಲುಗಳಲ್ಲಿ ಕೂತ ನಮ್ಮವರಿಗೂ ಕಾಣುವುದಿಲ್ಲ. ನಾನು ಮಾತ್ರ ನಮ್ಮ ತಂಡದ ಹಿಂದಿನ ಗೆರೆಯಾಚೆ, ನೇರ ಲಿಫ್ಟರನ ಬೆನ್ನು ಕಾಣುವ ಹಾಗೆ ಕೂರುತ್ತಿದ್ದೆ. ಅವನು ತೋರಿಸಿದ ಬೆರಳನ್ನೇ ನಾನು ತಲೆಯ ಮೇಲೆ ಎತ್ತಿ ಮೆಟ್ಟಿಲಿನವರಿಗೆ ತೋರಿಸುತ್ತಿದ್ದೆ. ಮುಂದೇನು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಾಗಿ ಬೊಬ್ಬೆ ಹಾಕಲು ಅನುಕೂಲವಾಗುತ್ತಿತ್ತು. ಸೆಟ್ಟು ಮುಗಿದು ತಂಡ ಬದಿ ಬದಲಿಸಿದರೆ ನಾನೂ ಎದ್ದು ಆ ಬದಿಗೆ ಹೋಗುತ್ತಿದ್ದೆ. ಎರಡು ವರ್ಷದಿಂದ ಇದೇ ನಡೆದಿತ್ತು. ತಂಡದಲ್ಲಿ ನನಗೂ ಒಂದು ಸ್ಥಾನ ಉಂಟೆಂದು ನಾನು ಒಳಗೊಳಗೇ ನಂಬಿದ್ದೆ.

ಹಿಂದೆ ಕೂತ ನನ್ನ ಎದುರು ಯಾರಿದ್ದಾರೆಂದು ಈ ಎರಡು ವರ್ಷದಲ್ಲಿ ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಉಡುಪಿಯ ನಮ್ಮ ಕಾಲೇಜಿನ ಅಂಗಳದಲ್ಲಿ ನಾನು ಕೂರುತ್ತಿದ್ದದ್ದು ದೊಡ್ಡ ಮರಗಳ ನೆರಳಿನಲ್ಲಿ, ನಾಲ್ಕು ಜನರ ನಡುವೆ.

ಕಾರ್ಕಳದ ಅಂಗಳದಲ್ಲಿ ನೆರಳಿರಲಿಲ್ಲ. ಕೋರ್ಟಿನ ಎರಡೂ ತುದಿಗೆ ಸುಣ್ಣ ಬಳಿದ ಬಿಳಿ ಗೋಡೆ. ಫೈನಲಿನ ದಿನ ಮಧ್ಯಾಹ್ನದ ಬಿಸಿಲು ಆ ಗೋಡೆಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಗೋಡೆಯ ಬುಡದಲ್ಲಿ ನಾನೊಬ್ಬನೇ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹಳೆಯವನ ತಾಯಿ ಗೇಟಿನ ತನಕ ಬಂದು, ಇವತ್ತಾದರೂ ಇವನನ್ನು ಆಡಿಸುತ್ತಾರಾ ಎಂದು ನನ್ನನ್ನು ಕೇಳಿದ್ದರು. ಆಡಿಸದೆ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಹೇಳಿ ಬಂದಿದ್ದೆ. ಆದರೆ ಪಿ.ಟಿ. ಮಾಸ್ಟ್ರು ಹೊಸಬನನ್ನೇ ಇಳಿಸಿದರು. ಶಾಮಿಯಾನದ ಕೆಳಗೆ ಆಯ್ಕೆಗಾರರು ಇಬ್ಬರು ಕಾಗದ ಹಿಡಿದು ಕೂತಿದ್ದರು. ಮೂರು ಸೆಟ್ಟಿನ ಆಟ.

ಮೊದಲ ಸೆಟ್ಟಿನ ಅರ್ಧದ ತನಕ ಸಮಸಮ ಇತ್ತು. ಆಮೇಲೆ ಏನೋ ಕೆಟ್ಟಿತು. ಹೊಸಬ ಚೆಂಡು ಎತ್ತುವ ಮೊದಲೇ ಎದುರಿನ ಇಬ್ಬರು ಎತ್ತರದ ಹುಡುಗರು ಸರಿಯಾದ ಜಾಗಕ್ಕೆ ಓಡಿ ಕೈ ಎತ್ತಿ ಕಾಯುತ್ತಿದ್ದರು. ನಮ್ಮ ಅಟ್ಯಾಕರ್ ಹೊಡೆದದ್ದೆಲ್ಲ ಆ ಕೈಗಳಿಗೆ ಬಡಿದು ನಮ್ಮ ಕಾಲಬುಡಕ್ಕೇ ಬೀಳುತ್ತಿತ್ತು. ಮೆಟ್ಟಿಲುಗಳಿಂದ ನಮ್ಮವರೇ ಹೊಸಬನನ್ನು ಬೈಯಲು ಶುರುಮಾಡಿದರು. ಇವನನ್ನು ಯಾರು ಬೇಕಾದರೂ ಓದಬಹುದು, ಇವನ ಆಟದಲ್ಲಿ ಗುಟ್ಟೇ ಇಲ್ಲ ಎಂದರು. ನಾನು ವರ್ಷವಿಡೀ ಹೇಳುತ್ತಿದ್ದ ಮಾತು. ಕಾರ್ಕಳದ ಗೆಳೆಯ ಉಗುರು ಕಚ್ಚುತ್ತಾ ಕೂತಿದ್ದ. ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಆಗ ಎದುರು ತಂಡದ ನಾಯಕನ ಕಣ್ಣು ಕಂಡಿತು. ಸರ್ವಿಸಿಗೆ ವಿಸಿಲ್ ಬೀಳುವ ಮೊದಲು ಅವನು ಚೆಂಡನ್ನು ನೋಡುತ್ತಿರಲಿಲ್ಲ, ನಮ್ಮ ಲಿಫ್ಟರನನ್ನೂ ನೋಡುತ್ತಿರಲಿಲ್ಲ. ಲಿಫ್ಟರನ ತಲೆಯ ಮೇಲಿಂದ, ಬಿಳಿ ಗೋಡೆಯ ಬುಡದಲ್ಲಿ ಕೂತ ನನ್ನ ಕೈಯನ್ನು ನೋಡುತ್ತಿದ್ದ.

ಮುಂದಿನ ಸಲ ಕೈ ಎತ್ತದೆ ಕೂತೆ. ನಾಯಕ ತಬ್ಬಿಬ್ಬಾಗಿ ನಡುವೆ ನಿಂತುಬಿಟ್ಟ. ನಮಗೆ ಪಾಯಿಂಟು ಬಂತು. ಅದರ ಮುಂದಿನ ಸಲ ಹೊಸಬ ಎರಡು ಬೆರಳು ತೋರಿಸಿದಾಗ ನಾನು ಒಂದನ್ನು ಎತ್ತಿದೆ. ಎದುರಿನವರು ನಡುವೆ ಹಾರಿದರು, ಚೆಂಡು ತುದಿಯಿಂದ ಹೋಗಿ ಬಿತ್ತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಆದರೆ ಅಷ್ಟರಲ್ಲಿ ಸೆಟ್ಟು ಕೈಬಿಟ್ಟಿತ್ತು, ಸೋತೆವು.

ಹಳೆಯವನು ಆಡುತ್ತಿದ್ದಾಗಲೂ ಯಾರಾದರೂ ನನ್ನನ್ನು ನೋಡಿರಬಹುದು. ನೋಡಿದ್ದರೂ ಅವರಿಗೆ ಪ್ರಯೋಜನ ಆಗುತ್ತಿರಲಿಲ್ಲ. ಯಾಕೆಂದರೆ ಹಳೆಯವನು ಒಂದು ತೋರಿಸಿ ಇನ್ನೊಂದು ಕೊಡುವವನು. ಕೈಗೆ ಚೆಂಡು ಬಂದ ಮೇಲೆ ಅವನಿಗೆ ಹೊಸ ಹುಕಿ ಬರುತ್ತಿತ್ತು. ಅಟ್ಯಾಕರುಗಳು ಅವನಿಗೆ ಬೈಯುತ್ತಿದ್ದದ್ದೇ ಅದಕ್ಕೆ. ಹೊಸಬ ತೋರಿಸಿದ್ದನ್ನೇ ಕೊಡುತ್ತಿದ್ದ. ಅವನು ಮಾಡಿದ ತಪ್ಪು ಅದೊಂದೇ.

ಬದಿ ಬದಲಾಯಿತು. ತಂಡ ಆಚೆ ಹೋಯಿತು. ನಾನು ಕೂತಲ್ಲೇ ಕೂತಿದ್ದರೆ ಸಾಕಿತ್ತು. ಮೆಟ್ಟಿಲಿಗೆ ಹೋಗಿ ಗೆಳೆಯನ ಪಕ್ಕ ಕೂತಿದ್ದರೂ ಸಾಕಿತ್ತು. ಪಿ.ಟಿ. ಮಾಸ್ಟ್ರ ಬಳಿ ಹೋಗಿ ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಎದ್ದೆ, ಪ್ಯಾಂಟಿನ ಧೂಳು ಕೊಡವಿದೆ, ಕೋರ್ಟಿನ ಸುತ್ತ ನಡೆದು ಆಚೆ ತುದಿಯ ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅಭ್ಯಾಸಬಲ ಎಂದು ಹೇಳಿಕೊಳ್ಳಲು ಎಷ್ಟೋ ವರ್ಷ ಪ್ರಯತ್ನಿಸಿದ್ದೇನೆ. ಅಭ್ಯಾಸಬಲ ಅಲ್ಲ. ಎದುರು ನಾಯಕ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ಹೊಸಬ ಬೆನ್ನ ಹಿಂದೆ ಕೈ ಇಟ್ಟ. ಒಂದು ಬೆರಳು. ನಾನು ಒಂದು ಬೆರಳು ಎತ್ತಿದೆ.

ಹಳೆಯವನ ತಾಯಿಗೆ ಮಾತು ಕೊಟ್ಟಿದ್ದೆ ಎಂಬ ನೆಪ ಇತ್ತು. ಆದರೆ ನನಗೆ ಬೇಕಾಗಿದ್ದದ್ದು ನಮ್ಮ ಊರಿನವನು ಆಡುವುದಕ್ಕಿಂತ ಹೆಚ್ಚಾಗಿ, ನಾನು ಹೇಳಿದ್ದು ಸರಿ ಎಂದು ಆ ಹೋಟೆಲಿನ ಮೇಜಿನಲ್ಲಿ ಕೂತವರೆಲ್ಲ ಒಪ್ಪುವುದು.

ಎರಡನೆಯ ಸೆಟ್ಟಿನಲ್ಲಿ ಹೊಸಬನ ಒಂದು ಚೆಂಡೂ ದಾಟಲಿಲ್ಲ. ಅವನು ಪ್ರತಿ ಸಲ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಮೆಟ್ಟಿಲಿನಲ್ಲಿ ಹಳೆಯವನ ಹೆಸರು ಕೂಗಿ ಚಪ್ಪಾಳೆ ತಟ್ಟತೊಡಗಿದರು. ಪಿ.ಟಿ. ಮಾಸ್ಟ್ರು ಸ್ವಲ್ಪ ಹೊತ್ತು ತಡೆದರು, ಆಮೇಲೆ ಬದಲಿಗೆ ಕೈ ತೋರಿಸಿದರು. ಹೊಸಬ ಹೊರಗೆ ಬಂದು ಟವೆಲಿನಿಂದ ಮುಖ ಮುಚ್ಚಿಕೊಂಡ. ಹಳೆಯವನು ಒಳಗೆ ಹೋದ. ನಾನು ಬೆರಳು ಎತ್ತುತ್ತಲೇ ಇದ್ದೆ. ಎದುರಿನವರು ನಂಬಿ ಹಾರುತ್ತಲೇ ಇದ್ದರು, ಹಳೆಯವನು ತನಗೆ ತೋಚಿದ ಕಡೆಗೆ ಚೆಂಡು ಕೊಡುತ್ತಲೇ ಇದ್ದ. ಅವರಿಗೆ ತಲೆಬುಡ ತಿಳಿಯಲಿಲ್ಲ. ಆ ಸೆಟ್ಟು ಗೆದ್ದೆವು, ಮೂರನೆಯದನ್ನೂ ಗೆದ್ದೆವು.

ಎಲ್ಲರೂ ನನ್ನ ಬೆನ್ನು ತಟ್ಟಿದರು. ಆಟ ಅರ್ಥವಾಗುವವನೆಂದರೆ ನೀನು ಎಂದರು. ಕಾರ್ಕಳದ ಗೆಳೆಯ ತನ್ನ ಮನೆಯ ಬೇಕರಿಯಿಂದ ಬನ್ನು ತರಿಸಿ ಎಲ್ಲರಿಗೂ ಹಂಚಿ, ನನಗೂ ಒಂದು ಕೊಟ್ಟು, "ನನಗೆ ಈ ಆಟ ಅರ್ಥ ಆಗುವುದಿಲ್ಲ ಮಾರಾಯ, ಇನ್ನು ನಾನು ಮಾತಾಡುವುದಿಲ್ಲ" ಎಂದ. ಮಾತಿಗೆ ತಪ್ಪಲಿಲ್ಲ, ಆಮೇಲೆ ಅವನು ಪಂದ್ಯ ನೋಡಲು ಬರಲೇ ಇಲ್ಲ. ಆಯ್ಕೆಗಾರರು ಶಿಬಿರಕ್ಕೆ ಹಳೆಯವನ ಹೆಸರು ಬರೆದುಕೊಂಡರು. ಅವನು ಬೆವರು ಒರೆಸುತ್ತಾ ನನ್ನ ಪಕ್ಕ ಬಂದು ನಿಂತ. ಮೊದಲ ಸೆಟ್ಟಿನಲ್ಲಿ ಬೆಂಚಿನಲ್ಲಿದ್ದ ಅವನೂ ಎದುರು ನಾಯಕನ ಕಣ್ಣು ಎಲ್ಲಿತ್ತೆಂದು ನೋಡಿದ್ದಿರಬೇಕು.

"ಇನ್ನು ಬೆರಳು ಎತ್ತುವುದು ಸಾಕು" ಎಂದ, ನನ್ನ ಮುಖ ನೋಡದೆ.

ಬನ್ನು ಕೈಯಲ್ಲೇ ಉಳಿಯಿತು.

ವಾಪಸು ಬರುವಾಗ ಎಲ್ಲರೂ ಉಡುಪಿಯ ಬಸ್ಸು ಹತ್ತಿದೆವು. ಹಿಂದಿನ ಸೀಟುಗಳಲ್ಲಿ ಹಾಡು, ಗಲಾಟೆ. ನಾನು ಮುಂದೆ ಕಿಟಕಿ ಬಳಿ ಕೂತೆ. ಹಿರಿಯಡ್ಕ ದಾಟಿದ ಮೇಲೆ ಹೊಸಬ ಎದ್ದು ಬಂದು ನನ್ನ ಪಕ್ಕ ಕೂತ. ಅವನು ಮಣಿಪಾಲದಲ್ಲಿ ಇಳಿಯುವವನು. ಅಲ್ಲಿಯ ತನಕ ನನಗೆ ಸಮಯ ಇತ್ತು.

"ಅಣ್ಣಾ, ನೀವು ಹಿಂದ ಕುಂತು ನೋಡ್ತೀರಿ. ಅವ್ರಿಗೆ ಮೊದಲ ಹೆಂಗ ಗೊತ್ತಾಗ್ತಿತ್ರಿ? ನಂದೇನು ತಪ್ಪಾತು?"

ನನ್ನ ಮೇಲೆ ಅನುಮಾನ ಉಂಟೇ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಗೊತ್ತಿದ್ದವನ ಬಳಿ ಕೇಳುವ ಹಾಗೆ ಕೇಳುತ್ತಿದ್ದ. ನಿಜ ಹೇಳಲು ಬಾಯಿ ತೆರೆದೆ. ಹಿಂದಿನ ಸೀಟಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಜೈಕಾರ ಹಾಕಿದರು.

"ನಿನ್ನ ಎಡ ಹೆಗಲು" ಎಂದೆ. "ಲಿಫ್ಟ್ ಮಾಡುವ ಮೊದಲು ಅದು ಸ್ವಲ್ಪ ಇಳಿಯುತ್ತದೆ. ಅದನ್ನು ನೋಡಿದವರಿಗೆ ಗೊತ್ತಾಗ್ತದೆ."

"ಹೆಗಲ?" ಎಂದು ಅವನು ಬಲಗೈಯಿಂದ ಎಡ ಹೆಗಲನ್ನು ಮುಟ್ಟಿ ನೋಡಿಕೊಂಡ. "ಇಷ್ಟು ದಿನ ಯಾರೂ ಹೇಳಿರಲಿಲ್ಲ ನೋಡ್ರಿ."

ಆಮೇಲೆ ಎದ್ದು ನಿಂತು, ಅಲುಗಾಡುವ ಬಸ್ಸಿನಲ್ಲಿ ಎರಡು ಕೈಗಳನ್ನು ಹಣೆಯ ಮೇಲೆ ತಂದು ಇಲ್ಲದ ಚೆಂಡನ್ನು ಎತ್ತುತ್ತಾ, ಕಿಟಕಿಯ ಗಾಜಿನಲ್ಲಿ ತನ್ನ ಹೆಗಲನ್ನು ನೋಡಿಕೊಂಡ. ಪರ್ಕಳ ಬಂತು. ಮಣಿಪಾಲ ಬಂತು. ಅವನು ಚೀಲ ಹೆಗಲಿಗೇರಿಸಿ, ಥ್ಯಾಂಕ್ಸ್ ಅಣ್ಣಾ ಎಂದು ಇಳಿದು ಹೋದ. ಮುಂದಿನ ತಿಂಗಳು ಕಟ್ಟಡ ಮುಗಿಯಿತು. ಅವನು ಕಾಲೇಜಿಗೆ ಬರುವುದು ನಿಂತಿತು. ಹೋಟೆಲಿನ ಮೇಜಿನಲ್ಲಿ ಅವನ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಏಳೆಂಟು ವರ್ಷ ಕಳೆದಿರಬೇಕು. ಹಳೆಯವನು ಶಿಬಿರದಿಂದ ಒಂದೇ ವಾರಕ್ಕೆ ವಾಪಸಾಗಿ, ಡಿಗ್ರಿ ಮುಗಿಸಿ, ದುಬೈಗೆ ಹೋಗಿ ನೆಲೆಸಿದ್ದ. ನಾನು ಉಡುಪಿಯಲ್ಲಿ ಗುಮಾಸ್ತನಾಗಿದ್ದೆ. ಸಂಬಂಧಿಕರೊಬ್ಬರನ್ನು ನೋಡಲು ಒಂದು ಭಾನುವಾರ ಮಧ್ಯಾಹ್ನ ಮಣಿಪಾಲದ ಆಸ್ಪತ್ರೆಗೆ ಹೋದವನು, ಭೇಟಿಯ ಸಮಯಕ್ಕೆ ಇನ್ನೂ ಹೊತ್ತಿದ್ದರಿಂದ ಹಿಂದಿನ ರಸ್ತೆಯಲ್ಲಿ ನಡೆಯುತ್ತಿದ್ದೆ. ಅರ್ಧ ಎದ್ದ ಅಪಾರ್ಟ್‌ಮೆಂಟಿನ ಪಕ್ಕದ ಸಮತಟ್ಟು ಜಾಗದಲ್ಲಿ ಎರಡು ಕಂಬಗಳಿಗೆ ನೆಟ್ಟು ಕಟ್ಟಿತ್ತು. ಶೆಡ್ಡುಗಳ ಮಕ್ಕಳು ಆಡುತ್ತಿದ್ದರು. ಆಡಿಸುತ್ತಿದ್ದವನು ಅವನೇ, ಆ ಹೊಸಬ.

ದಪ್ಪಗಾಗಿದ್ದ, ಮೀಸೆ ಬಿಟ್ಟಿದ್ದ. ನಾನು ತಿರುಗಿ ಹೋಗುವ ಮೊದಲೇ ಗುರುತು ಹಿಡಿದು ಓಡಿ ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದ. ಈಗ ಟೈಲ್ಸ್ ಕೆಲಸದ ಮೇಸ್ತ್ರಿಯಂತೆ, ಮದುವೆಯಾಗಿ ಒಬ್ಬ ಮಗಳಂತೆ, ಎರಡು ವರ್ಷದಿಂದ ಮತ್ತೆ ಮಣಿಪಾಲದಲ್ಲಿದ್ದಾನಂತೆ. ಆಮೇಲೆ ಮಕ್ಕಳ ಕಡೆ ತಿರುಗಿದ.

"ಏ, ಇಲ್ಲಿ ಬರ್ರೋ. ನಾ ಹೇಳ್ತಿದ್ನಲ್ಲ, ಹೆಗಲಿಂದು ಹೇಳಿಕೊಟ್ಟ ಅಣ್ಣಾ ಅಂತ. ಇವ್ರ ನೋಡ್ರಿ."

ಮಕ್ಕಳು ಸಾಲಾಗಿ ನಿಂತು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರಲ್ಲಿ ಉದ್ದ ಕೈಯ ಹುಡುಗನೊಬ್ಬನ ಎಡ ಹೆಗಲ ಮೇಲೆ ಒಡೆದ ಟೈಲ್ಸಿನ ಚಿಕ್ಕ ತುಂಡೊಂದು ಕೂತಿತ್ತು. ಲಿಫ್ಟ್ ಮಾಡುವಾಗ ಅದು ಬಿದ್ದರೆ ಹೆಗಲು ಇಳಿಯಿತು ಎಂದು ಲೆಕ್ಕ, ತಾನೂ ಹೀಗೆಯೇ ಕಾರವಾರದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದೆ, ಹೆಗಲು ಇಳಿಯುವ ಚಟ ಹೋಗಲಿಕ್ಕೆ ಬಹಳ ದಿನ ಹಿಡಿಯಿತು ಎಂದು ಅವನು ವಿವರಿಸಿದ. ಒಂದು ಸಲ ಹಿಂದೆ ನಿಂತು ನೋಡಿ ಹೇಳಬೇಕು ಎಂದು ಕೇಳಿಕೊಂಡ. ನಿಜ ಹೇಳಿಬಿಡಬೇಕೆಂದುಕೊಂಡೆ. ಅವನು ನನ್ನ ಭುಜ ಹಿಡಿದು ಹಿಂದಿನ ಗೆರೆಯಾಚೆ ನಿಲ್ಲಿಸಿದ.

ಹುಡುಗ ನೆಟ್ಟಿಗೆ ಮುಖ ಮಾಡಿ ನಿಂತು ಬೆನ್ನ ಹಿಂದೆ ಎರಡು ಬೆರಳು ತೋರಿಸಿದ. ನಾನು ನನ್ನ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಚೆಂಡು ಬಂತು. ಹುಡುಗ ಕತ್ತು ಬಿಗಿಹಿಡಿದು, ಹೆಗಲನ್ನು ಕಲ್ಲು ಮಾಡಿಕೊಂಡು ಎತ್ತಿದ. ಟೈಲ್ಸಿನ ತುಂಡು ಬೀಳಲಿಲ್ಲ. ಚೆಂಡು ಎಲ್ಲಿಗೋ ಹೋಗಿ ಜಲ್ಲಿಯ ರಾಶಿಯ ಮೇಲೆ ಬಿತ್ತು.

"ಇಳೀಲಿಲ್ಲ ಅಲ್ರಿ?" ಎಂದು ಅವನು ಕೇಳಿದ.

ಇಲ್ಲ ಎಂದೆ.